ಅರಗಿನ ಹಿಡಿತ

ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಅರಗಿನ ಮನೆಯ ಪ್ರಸಂಗವನ್ನು ಪಾಠ ಹೇಳುತ್ತಿದ್ದಾಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದುನಿಂತು, “ಸಾರ್, ಅರಗು ಅಂದರೆ ಮೇಣವೇ?” ಎಂದು ಕೇಳಿದ. ಅಲ್ಲವೆಂದೆ. “ಹಾಗಾದರೆ ರಾಳವೇ?” ಅದೂ ಅಲ್ಲ. ತರಗತಿಯಲ್ಲಿ ಯಾರಾದರೂ ಅರಗನ್ನು ಕಂಡವರಿದ್ದರೆ ಕೈಯೆತ್ತಿರೆಂದೆ. ಒಂದು ಕೈಯೂ ಮೇಲೇಳಲಿಲ್ಲ. ಕೇಳಿದ ಹುಡುಗ ಚಿಂತಾಮಣಿ ತಾಲ್ಲೂಕಿನವನು. ಅವನ ಪಕ್ಕದವನು ಗೌರಿಬಿದನೂರಿನ ಕಡೆಯವನು. ಅರಗು ಬೆಳೆದ ನಾಡಿನ ಮಕ್ಕಳಿಗೇ ಅರಗಿನ ಗುರುತಿಲ್ಲದೆ ಹೋಯಿತಲ್ಲ ಎಂಬ ಯೋಚನೆ ಅಂದು ನನಗೆ ಹತ್ತಿತು. ಅದರ ಬೆನ್ನುಹತ್ತಿ ಹೋದಾಗ ಕಂಡ ಕೆಲವು ಸಂಗತಿಗಳನ್ನು ವಾಚಕರ ಮುಂದಿಡುತ್ತಿದ್ದೇನೆ.

ಕಾಯಿಸಿದರೆ ಕರಗಿ ಹರಿಯಬೇಕು, ಆರಿದರೆ ಬಿಗಿಯಾಗಿ ಹಿಡಿಯಬೇಕು, ನೀರನ್ನು ಒಳಕ್ಕೆ ಬಿಡಬಾರದು. ಇಂಥ ಅಂಟು ಮನುಷ್ಯನಿಗೆ ಎಲ್ಲ ಕಾಲದಲ್ಲಿಯೂ ಬೇಕಾಗಿದೆ. ಗೋಂದು ನೀರಿನಲ್ಲಿ ಕದಡಿ ಹಚ್ಚುವಂಥದು. ಆರಬೇಕಾದರೆ ಹೊತ್ತು ಹಿಡಿಯುತ್ತದೆ, ಮತ್ತೆ ನೀರು ತಗುಲಿದರೆ ಬಿಡುತ್ತದೆ. ಅರಗಿಗೆ ಆ ಕಾಟವಿಲ್ಲ. ಬೆಂಕಿ ತೋರಿಸು, ಒತ್ತು, ಊದಿ ಆರಿಸು, ಕೆಲಸ ಮುಗಿಯಿತು. ಇಂದು ಮೋಟಾರು ಕಾರಿನ ಹೆಡ್‌ಲೈಟಿನ ಮುಂಗಾಜನ್ನು ಹಿಂದಿನ ಬುರುಡೆಗೆ ಅಂಟಿಸುವ ಕಾರ್ಖಾನೆಯಲ್ಲಿ ಯಂತ್ರದ ಮೂತಿಯಿಂದ ಬಿಸಿಬಿಸಿಯಾಗಿ ಇಳಿಯುವ ಕಪ್ಪು ದಾರದಂಥ ಅಂಟು ಈ ಅರಗಿನ ಕಸುಬನ್ನೇ ಮುಂದುವರಿಸುತ್ತಿದೆ. ರಕ್ತಸಂಬಂಧವಿಲ್ಲ, ಕುಲಕಸುಬು ಮಾತ್ರ ಒಂದೇ. ಆ ಮಾತಿಗೆ ಆಮೇಲೆ ಬರೋಣ.

ಮೊದಲು ಶಬ್ದ. ಕನ್ನಡ ಮೇಷ್ಟರಾದವರು ಶಬ್ದವನ್ನು ಹಿಡಿಯದೆ ವಸ್ತುವನ್ನು ಮುಟ್ಟುವುದಿಲ್ಲವೆಂಬ ಅಪವಾದವಿದೆ; ಇರಲಿ. ನಮ್ಮ ‘ಅರಗು’ ತಮಿಳು, ಮಲಯಾಳಗಳಲ್ಲಿ ‘ಅರಕ್ಕು’. ಸಂಸ್ಕೃತದಲ್ಲಿ ಲಾಕ್ಷಾ. ಲಾಕ್ಷಾ ಶಬ್ದವೇ ಸವೆದು ಅರಗಾಯಿತೆಂದು ಹೇಳುವವರಿದ್ದಾರೆ. ಲಕ್ಷಾಂತರ ಹುಳುಗಳಿಂದ ಆದದ್ದರಿಂದ ಲಾಕ್ಷಾ ಎಂಬ ವಿವರಣೆಯೂ ಬಳಕೆಯಲ್ಲಿದೆ. ಕೇಳಲು ಸೊಗಸಾದ ವ್ಯುತ್ಪತ್ತಿಗಳನ್ನು ನಾನು ಸುಲಭವಾಗಿ ನಂಬುವವನಲ್ಲ. ಕನ್ನಡದಲ್ಲಿ ಇನ್ನೊಂದು ಕೌತುಕವುಂಟು. ‘ಅರಗು’ ಎಂಬುದು ಕ್ರಿಯಾಪದವೂ ಹೌದು: ತಿಂದದ್ದು ಅರಗುತ್ತದೆ, ಅಂದರೆ ಕರಗಿ ಮೈಗೂಡುತ್ತದೆ. ನಾಮಪದಕ್ಕೂ ಕ್ರಿಯಾಪದಕ್ಕೂ ಮೂಲದಲ್ಲಿ ನಂಟಿರಲಿ ಬಿಡಲಿ, ಕನ್ನಡಿಗನ ಕಿವಿಗೆ ಮಾತ್ರ ಅರಗು ಎಂದರೆ ಅರಗುವಂಥದು, ಕರಗುವಂಥದು ಎಂದೇ ಕೇಳಿಸುತ್ತದೆ. ಹೆಂಗಸರು ಕಾಲಿಗೆ ಹಚ್ಚಿಕೊಳ್ಳುತ್ತಿದ್ದ ಕೆಂಪು ಅಲಕ್ತಕ ಹಳಗನ್ನಡದಲ್ಲಿ ‘ಅಲತಗೆ’ಯಾಗಿ ಕಾವ್ಯಗಳಲ್ಲಿ ತುಂಬಿಕೊಂಡಿದೆ, ಅದೂ ಅರಗಿನ ಬಣ್ಣವೇ. ಅಥರ್ವವೇದದಲ್ಲಿ ಲಾಕ್ಷೆಯನ್ನು ಗಾಯ ಮಾಯಿಸುವ ಔಷಧವೆಂದು ಹೊಗಳುವ ಸೂಕ್ತವೊಂದಿದೆ. ಪಾಣಿನಿ ಲಾಕ್ಷೆಯಿಂದ ಬಣ್ಣ ಕಟ್ಟಿದ ಬಟ್ಟೆಗೆ ಹೆಸರಿಡುವ ಸೂತ್ರವನ್ನೇ ಹೇಳಿದ್ದಾನೆ. ಔಷಧ, ಬಣ್ಣ, ಅಂಟು ಮೂರೂ ಒಂದೇ ಹುಳುವಿನ ಮೈಯಿಂದ ಬಂದವು.

ಇನ್ನು ಅರಗಿನ ಮನೆ. ವಾರಣಾವತದಲ್ಲಿ ಪುರೋಚನ ಕಟ್ಟಿಸಿದ ಮನೆಯ ಸಾಮಗ್ರಿಗಳ ಪಟ್ಟಿಯನ್ನು ವ್ಯಾಸಭಾರತ ಬಹು ಎಚ್ಚರದಿಂದ ಕೊಡುತ್ತದೆ: ಸೆಣಬು, ಸರ್ಜರಸ, ತುಪ್ಪ, ಎಣ್ಣೆ, ಕೊಬ್ಬು, ಅರಗು. ಸರ್ಜರಸವೆಂದರೆ ಸಾಲವೃಕ್ಷದ ರಾಳ. ಇದನ್ನು ಓದಿದಾಗಲೆಲ್ಲ ನನಗೆ, ಇದು ಕವಿಯ ಕಲ್ಪನೆಯೊಂದೇ ಅಲ್ಲ, ಯಾವನೋ ಕುಶಲಕರ್ಮಿಯನ್ನು ಕೇಳಿ ಬರೆದದ್ದು ಎನ್ನಿಸುತ್ತದೆ. ಅರಗೊಂದೇ ಆದರೆ ಗಾಜಿನಂತೆ ಸಿಡಿದೀತು. ಎಣ್ಣೆ, ಕೊಬ್ಬು ಸೇರಿದರೆ ಮೆತ್ತಗಾಗಿ ಗೋಡೆಗೆ ಹಿಡಿಯುತ್ತದೆ. ನಾರು ಸೇರಿದರೆ ಬಿರುಕು ಬಿಡುವುದಿಲ್ಲ. ಇಂದಿಗೂ ಬಿಸಿಯಂಟು ತಯಾರಿಸುವವರು ಮಾಡುವುದು ಇದನ್ನೇ: ಹಿಡಿಯುವುದೊಂದು, ಬಳುಕಿಸುವುದೊಂದು, ಮೈ ತುಂಬುವುದೊಂದು. ಧರ್ಮರಾಯ ಮನೆಯೊಳಗೆ ಕಾಲಿಟ್ಟೊಡನೆ ಮೂಗಿನಿಂದಲೇ ಮರ್ಮವನ್ನು ತಿಳಿದನೆಂದು ಕಥೆ ಹೇಳುತ್ತದೆ. ಅರಗಿನ ವಾಸನೆಯನ್ನು ಒಮ್ಮೆ ಕಂಡವರು ಈ ಮಾತನ್ನು ಒಪ್ಪುತ್ತಾರೆ.

ಪಾಂಡವರನ್ನು ಉಳಿಸಿದವನು ವಿದುರ. ಬೇರೆಯವರಿಗೆ ತಿಳಿಯದ ಮಾತಿನಲ್ಲಿ ಮೊದಲೇ ಎಚ್ಚರಿಕೆ ಕೊಟ್ಟ. ಆಮೇಲೆ ಸುರಂಗ ತೋಡುವವನನ್ನು ಕಳುಹಿಸಿದ. ಆ ವಿದುರ ನೆಟ್ಟದ್ದೆಂದು ಜನ ನಂಬಿದ ಅಶ್ವತ್ಥವೃಕ್ಷ ನಮ್ಮ ಗೌರಿಬಿದನೂರು ತಾಲ್ಲೂಕಿನಲ್ಲಿ, ಉತ್ತರಪಿನಾಕಿನಿಯ ದಡದಲ್ಲಿತ್ತು. ಊರಿನ ಹೆಸರೇ ವಿದುರಾಶ್ವತ್ಥ. ಸುತ್ತ ಸಾವಿರಾರು ನಾಗರಕಲ್ಲುಗಳು. ಆ ಹಳೆಯ ಮರ 2001ರಲ್ಲಿ ಉರುಳಿತು. ಇನ್ನು, ಅರಗಿನ ಮನೆಯಿಂದ ತಪ್ಪಿಸಿಕೊಂಡು ಕಾಡಲೆದ ಪಾಂಡವರು ತಲೆಮರೆಸಿಕೊಂಡಿದ್ದ ಏಕಚಕ್ರಪುರ ಯಾವುದು? ಚಿಂತಾಮಣಿ ತಾಲ್ಲೂಕಿನ ಕೈವಾರವೇ ಎಂದು ಸ್ಥಳಪುರಾಣ ಸಾರುತ್ತದೆ. ಭೀಮ ಬಕಾಸುರನನ್ನು ಕೊಂದದ್ದು ಅಲ್ಲಿನ ಬೆಟ್ಟದಲ್ಲಂತೆ. ಭರತಖಂಡದಲ್ಲಿ ಏಕಚಕ್ರಪುರಗಳಿಗೆ ಕೊರತೆಯಿಲ್ಲವೆಂಬುದನ್ನು ಬಲ್ಲೆ. ಆದರೂ ಅರಗಿನ ಮನೆಯ ಕಥೆಯ ಹಿಂದಿನವನನ್ನೂ ಮುಂದಿನ ಊರನ್ನೂ ಒಂದೇ ಸೀಮೆಯ ಜನ ಎರಡು ಮೂಲೆಗಳಲ್ಲಿ ಉಳಿಸಿಕೊಂಡಿರುವುದು ನನಗೆ ಸೋಜಿಗ. ಇನ್ನೂ ಒಂದು ಮಾತು: ಅಶ್ವತ್ಥ ಅರಗಿನ ಹುಳು ಕೂರುವ ಮರಗಳಲ್ಲೊಂದು. ಇದು ಕೇವಲ ಕಾಕತಾಳೀಯ. ಆದರೆ ಕಾಕತಾಳೀಯಗಳಲ್ಲಿ ಸೊಗಸಾದದ್ದು.

ಆ ಕಥೆಯಲ್ಲಿ ನಾವು ಬೇಗಬೇಗ ದಾಟಿಬಿಡುವ ಒಂದು ಎಡೆಯಿದೆ. ಮನೆ ಉರಿದ ರಾತ್ರಿ ಉಂಡು ಕುಡಿದು ಅಲ್ಲೇ ಮಲಗಿದ್ದ ಬೇಡತಿಯೊಬ್ಬಳೂ ಅವಳ ಐವರು ಮಕ್ಕಳೂ ಬೂದಿಯಾದರು. ಮರುದಿನ ಆ ಆರು ಹೆಣಗಳನ್ನು ಕಂಡು ಊರು ಪಾಂಡವರು ಸತ್ತರೆಂದು ಅತ್ತಿತು. ಕಾಡಿನಿಂದ ಅರಗನ್ನು ಬಿಡಿಸಿ ತರುತ್ತಿದ್ದವರು ಯಾರು? ಆಕೆಯಂಥವರೇ. ಪುರೋಚನನ ಗೋಡೆಗೆ ಮೆತ್ತಿದ ಅರಗನ್ನು ಆಕೆಯ ಕುಲದವರೇ ತಂದಿರಬಹುದು. ಇದು ನನ್ನ ಊಹೆ, ಮೂಲದಲ್ಲಿಲ್ಲ.

ಅರಗು ಮರದ ಅಂಟಲ್ಲ. ಸಾಸಿವೆಗಿಂತ ಚಿಕ್ಕ ಕೆಂಪು ಮರಿಹುಳುಗಳು ಎಳೆಯ ಕೊಂಬೆಗಳ ಮೇಲೆ ಒತ್ತೊತ್ತಾಗಿ ಕೂತು, ಮೂತಿ ಊರಿ ರಸ ಹೀರುತ್ತ, ಮೈಯಿಂದ ರಾಳದಂಥ ಪದಾರ್ಥವನ್ನು ಸ್ರವಿಸುತ್ತವೆ. ಅದು ಗಟ್ಟಿಯಾಗಿ ಕೊಂಬೆಗೆ ಹೊಟ್ಟಿನಂತೆ ಕಟ್ಟುತ್ತದೆ. ಹೆಣ್ಣುಹುಳು ಕಾಲು ಕಳೆದುಕೊಂಡು, ಆ ಗೂಡಿನೊಳಗೇ ಬಂದಿಯಾಗಿ, ಮರಿಗಳನ್ನು ಹಡೆದು ಅಲ್ಲೇ ಸಾಯುತ್ತದೆ. ಒಂದು ಕಿಲೋ ಅರಗಿಗೆ ಸುಮಾರು ಮೂರು ಲಕ್ಷ ಹುಳು ಬೇಕೆಂದು ಲೆಕ್ಕ ಹೇಳುತ್ತಾರೆ. ಬಿಹಾರ, ಛೋಟಾನಾಗಪುರದ ಕಡೆ ಮುತ್ತುಗ, ಬೋರೆ, ಕುಸುಮದ ಮರಗಳು ಇದರ ಆಸರೆ. ನಮ್ಮ ಮೈಸೂರು ಸೀಮೆಯಲ್ಲಿ ಅದರ ನೆಚ್ಚಿನ ಮರ ಜಾಲಾರಿ. ಜಾಲ ಎಂದೂ ಅನ್ನುತ್ತಾರೆ. ಸಾಲವೃಕ್ಷದ ದಾಯಾದಿ. ಕೋಲಾರ, ಬೆಂಗಳೂರು ಸೀಮೆಯ ಕಲ್ಲುಗುಡ್ಡಗಳ ಕುರುಚಲು ಕಾಡುಗಳಲ್ಲಿ ಬೆಳೆಯುವಂಥದು. ಬೇಸಿಗೆಯ ಮೊದಲಲ್ಲಿ ನಸುಹಳದಿ ಹೂ ಬಿಟ್ಟು ಗಮಗಮಿಸುತ್ತದೆ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಕಂಪೆನಿಯ ಅಪ್ಪಣೆಯಂತೆ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಅರಗು ಜಾಲದ ಮರದ ಮೇಲೆ ಆಗುವುದನ್ನು ಗುರುತಿಸಿದ್ದಾನೆ. ಆತ ನಮ್ಮ ಚಿಕ್ಕಬಳ್ಳಾಪುರಕ್ಕೂ ಬಂದಿದ್ದ. ಇಲ್ಲಿನ ಕಲ್ಲುಸಕ್ಕರೆಯನ್ನು ಮೆಚ್ಚಿ ಬರೆದ. ಅದೂ ಕರಗಿಸಿ ಕಟ್ಟಿಸುವ ವಿದ್ಯೆಯೇ ತಾನೆ!

ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನಲ್ಲಿ 1920ರ ದಶಕದಲ್ಲಿ ಎಸ್. ಮಹ್ದಿಹಸನ್ ಅವರು ಅರಗಿನ ಹುಳುಗಳನ್ನು ಕುರಿತು ಆಳವಾದ ಅಭ್ಯಾಸ ನಡೆಸಿದರು. ನಮ್ಮ ಸೀಮೆಯ ಹುಳುವೊಂದು ಮೈಸೂರಿನ ಹೆಸರನ್ನೇ ತನ್ನ ಶಾಸ್ತ್ರೀಯ ನಾಮದಲ್ಲಿ ಹೊತ್ತುಕೊಂಡಿತು. ಸುಮಾರು ಅದೇ ಕಾಲಕ್ಕೆ, 1924ರಲ್ಲಿ, ರಾಂಚಿಯ ಬಳಿಯ ನಾಮ್ಕುಮಿನಲ್ಲಿ ಅರಗಿನ ಸಂಶೋಧನೆಗೆಂದೇ ಒಂದು ಸಂಸ್ಥೆ ಹುಟ್ಟಿತು.

ಅರಗನ್ನು ಹದಮಾಡುವ ಹಳೆಯ ಕ್ರಮ ನೋಡತಕ್ಕಂಥದು. ಕೊಂಬೆಯಿಂದ ಕೆರೆದ ಅರಗನ್ನು ಕುಟ್ಟಿ ನೀರಿನಲ್ಲಿ ತೊಳೆಯುತ್ತಾರೆ; ಕೆಂಪು ಬಣ್ಣ ನೀರಿಗಿಳಿಯುತ್ತದೆ. ಒಣಗಿದ ಕಾಳನ್ನು ಉದ್ದನೆಯ ಬಟ್ಟೆಚೀಲದಲ್ಲಿ ತುಂಬಿ, ಇದ್ದಿಲ ಒಲೆಯ ಮುಂದೆ ಹಿಡಿದು, ಹಗ್ಗ ಹೊಸೆದಂತೆ ತಿರುಚುತ್ತಾರೆ. ಕಸ ಚೀಲದಲ್ಲುಳಿದು, ಕರಗಿದ ಅರಗು ಬಟ್ಟೆಯ ಕಣ್ಣುಗಳಿಂದ ಬೆವರಿನಂತೆ ಒಸರುತ್ತದೆ. ಅದನ್ನು ತೆಗೆದು, ಬಿಸಿಯಿರುವಾಗಲೇ ಕೈಕಾಲು ಹಲ್ಲುಗಳಿಂದ ಹಿಡಿದು ಚರ್ಮದಂತೆ ಅಗಲಕ್ಕೆ ಎಳೆಯುತ್ತಾರೆ. ಆರಿದ ಮೇಲೆ ಒಡೆದರೆ ಹೊಂಬಣ್ಣದ ಚಕ್ಕೆ. ಪೇಟೆಯಲ್ಲಿ ಅದಕ್ಕೆ ಚಪಡಾ ಎಂದು ಹೆಸರು. ಒಂದಾನೊಂದು ಕಾಲದಲ್ಲಿ ಪರದೇಶದ ವರ್ತಕರಿಗೆ ಬೇಕಾಗಿದ್ದುದು ತೊಳೆದ ಕೆಂಪುನೀರು ಮಾತ್ರ. ಬಟ್ಟೆಗೆ ಬಣ್ಣ ಕಟ್ಟಲು. 1856ರಲ್ಲಿ ಇಂಗ್ಲೆಂಡಿನ ಪರ್ಕಿನ್ ಕಲ್ಲಿದ್ದಲ ಟಾರಿನಿಂದ ಕೃತಕ ಬಣ್ಣವನ್ನು ತೆಗೆದ ಮೇಲೆ ಆ ವ್ಯಾಪಾರ ಮೆಲ್ಲಮೆಲ್ಲನೆ ಮುರಿಯಿತು. ಬಣ್ಣದ ನೀರು ಚರಂಡಿ ಸೇರಿತು. ಚಕ್ಕೆಗೆ ಬೆಲೆ ಬಂತು.

ಚಕ್ಕೆಯ ದೊಡ್ಡ ಉಪಯೋಗ ಮುದ್ರೆಗೆ. ಯೂರೋಪಿನಲ್ಲಿ ಮಧ್ಯಯುಗದ ಮುದ್ರೆಗಳು ಜೇನುಮೇಣದವು. 16ನೆಯ ಶತಮಾನದಲ್ಲಿ ಹಿಂದೂದೇಶದ ಅರಗು ಅಲ್ಲಿಗೆ ಮುಟ್ಟಿದ ಮೇಲೆ, ಅರಗು, ಟರ್ಪೆಂಟೈನು, ಇಂಗುಲೀಕ ಬೆರೆಸಿದ ಕೆಂಪು ಕಡ್ಡಿ ರಾಜಕುಮಾರರ ಮೇಜಿಗೇರಿತು. ನಮ್ಮಲ್ಲಿ ಖಜಾನೆಯ ಚೀಲ, ಅಂಚೆಯ ಇನ್ಷೂರ್ ಪಾರ್ಸೆಲು, ಕೋರ್ಟಿನ ಲಕೋಟೆ, ಎಲ್ಲಕ್ಕೂ ಅರಗಿನ ಮೊಹರು.

ನಾನು ಕಾಲೇಜು ಸೇರಿದ ಹೊಸದರಲ್ಲಿ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಖಾಕಿ ಬಟ್ಟೆಯಲ್ಲಿ ಕಟ್ಟಿ ಅರಗು ಹಾಕುತ್ತಿದ್ದುದನ್ನು ದಿನವೂ ನೋಡಿದ್ದೇನೆ. ನಮ್ಮ ಹಿರಿಯ ಅಟೆಂಡರೊಬ್ಬರು ಆ ಕೆಲಸದಲ್ಲಿ ಪಳಗಿದವರು. ಮೇಣದಬತ್ತಿಯನ್ನು ಹತ್ತಿಸಿ, ಅರಗಿನ ಕಡ್ಡಿಯನ್ನು ಜ್ವಾಲೆಗೆ ತಾಗಿಸದೆ ಅದರ ಮಗ್ಗುಲಿಗೆ ಹಿಡಿದು, ಹನಿ ಬೀಳುವ ಹೊತ್ತಿಗೆ ಹೊಲಿಗೆಯ ಗಂಟಿನ ಮೇಲೆ ತಿರುವುತ್ತಿದ್ದರು. ಹಿತ್ತಾಳೆ ಮೊಹರನ್ನು ಮೊದಲು ಒದ್ದೆ ಸ್ಪಂಜಿಗೆ ಒತ್ತಿ ಆಮೇಲೆ ಅರಗಿಗೆ ಒತ್ತುತ್ತಿದ್ದರು. ಇಲ್ಲದಿದ್ದರೆ ಮೊಹರೇ ಅಂಟಿಕೊಳ್ಳುತ್ತದೆ. ಒಮ್ಮೆ ಅವರು, “ಉರಿಯೊಳಕ್ಕೆ ಹಿಡಿದರೆ ಅರಗು ಸುಟ್ಟುಹೋಗುತ್ತೆ ಸಾರ್. ಸುಟ್ಟ ಅರಗು ಹಿಡಿಯೋಲ್ಲ, ಇನ್ನೊಂದು ಸಲ ಕರಗೋದೂ ಇಲ್ಲ” ಎಂದರು. ರಸಾಯನಶಾಸ್ತ್ರಜ್ಞರ ಮಾತೂ ಇದೇ. ಅರಗು 75, 80 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿ ಕರಗುತ್ತದೆ. ಹೆಚ್ಚು ಹೊತ್ತು ಹೆಚ್ಚು ಕಾಯಿಸಿದರೆ ಅದರ ಕಣಗಳು ಒಂದಕ್ಕೊಂದು ಹೆಣೆದುಕೊಂಡು ಮತ್ತೆಂದಿಗೂ ಕರಗದ ಗಟ್ಟಿಯಾಗುತ್ತವೆ. ಅವರೇ ಇನ್ನೊಮ್ಮೆ, “ಈಗ ಬರೋದು ಅರಗಲ್ಲ ಸಾರ್, ಬರೀ ರಾಳ. ಬಸ್ಸಿನಲ್ಲಿ ಒಂದು ಕುಲುಕಾಟಕ್ಕೆ ಪುಡಿಯಾಗುತ್ತೆ” ಎಂದು ಗೊಣಗಿದರು. ಅಗ್ಗದ ಕಡ್ಡಿಗಳಲ್ಲಿ ರಾಳ ಮತ್ತು ಸುಣ್ಣದ ಪುಡಿಯ ಪಾಲು ಹೆಚ್ಚಿರುವುದು ನಿಜ.

ಮುದ್ರೆಯ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಅಲ್ಲಿ ಅರಗಿನ ಗಟ್ಟಿತನಕ್ಕಿಂತ ಅದರ ಬಿರುಸು ಮುಖ್ಯ. ಒಡೆದರೆ ಒಡೆದದ್ದು ಕಾಣಬೇಕು. ಕಳ್ಳ ಮತ್ತೆ ಕರಗಿಸಿ ಅಂಟಿಸಿದರೆ ಮೊಹರಿನ ಗೆರೆ ಕೆಡಬೇಕು. ನೂರಾರು ವಿದ್ಯಾರ್ಥಿಗಳ ಒಂದು ವರ್ಷದ ದುಡಿಮೆ ಆ ಬಿರುಸಿನ ಕಾವಲಿನಲ್ಲಿ ವಿಶ್ವವಿದ್ಯಾನಿಲಯದವರೆಗೆ ಪ್ರಯಾಣ ಮಾಡುತ್ತಿತ್ತು.

ಮೈಸೂರಿನ ಕಾಡುಗಳ ಅರಗನ್ನು ಉಪಯೋಗಕ್ಕೆ ತರಬೇಕೆಂದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರು ನಗರದಲ್ಲಿ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಪ್ರಾರಂಭವಾಯಿತು. (ಅದರ ಮರುವರ್ಷವೇ, 1938ರ ಏಪ್ರಿಲ್ 25ರಂದು, ಮೇಲೆ ಹೇಳಿದ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದರು. ಒಂದೇ ಸಂಸ್ಥಾನದ ಎರಡು ಮುಖಗಳು.) ಕಾರ್ಖಾನೆ ಅರಗಿನ ಕಡ್ಡಿ, ಬಣ್ಣ, ವಾರ್ನಿಷುಗಳನ್ನು ಮಾಡಿತು. 1947ರಲ್ಲಿ ಸರ್ಕಾರದ ಸ್ವತ್ತಾಯಿತು. 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಅಲ್ಲಿಂದಲೇ ಬಂದು, ದೇಶಕ್ಕೆಲ್ಲ ಅದರ ಹೆಸರು ಹರಡಿತು. 1989ರಲ್ಲಿ ಹೆಸರು ಬದಲಾಯಿಸಿ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂದಿಟ್ಟರು. ಹೊಸ ಹೆಸರಿನಲ್ಲಿ ಅರಗಿಲ್ಲ.

ಬಾಳಿಕೆಯ ಪ್ರಶ್ನೆಯನ್ನು ನಮ್ಮ ಕಸುಬುದಾರರು ಯಾವ ಪ್ರಯೋಗಶಾಲೆಯೂ ಇಲ್ಲದೆ ಬಿಡಿಸಿದ್ದರು. ಕುಡುಗೋಲಿನ ಬಾಲವನ್ನು ಮರದ ಹಿಡಿಗೆ ಕೂರಿಸುವಾಗ ತೂತಿನಲ್ಲಿ ಅರಗಿನ ಪುಡಿ, ಇಟ್ಟಿಗೆ ಪುಡಿ ತುಂಬಿ, ಕಾದ ಬಾಲವನ್ನು ಒತ್ತಿ ಇಳಿಸುತ್ತಿದ್ದರು. ಒಂದು ಸುಗ್ಗಿಯಲ್ಲ, ಹತ್ತು ಸುಗ್ಗಿ ಬರುತ್ತಿತ್ತು. ಇಟ್ಟಿಗೆ ಪುಡಿ ಏಕೆ? ಅರಗು ಆರುವಾಗ ಕುಗ್ಗುತ್ತದೆ; ಪುಡಿ ಆ ಕುಗ್ಗುವಿಕೆಯನ್ನು ತಡೆಯುತ್ತದೆ, ಕಾವನ್ನೂ ತಾಳುತ್ತದೆ. ಅಕ್ಕಸಾಲಿಗರು ತಗಡಿನ ಮೇಲೆ ಉಬ್ಬುಕೆಲಸ ಮಾಡುವಾಗ ಕೆಳಗೆ ಹಾಸುವುದೂ ಅರಗು, ರಾಳ, ಇಟ್ಟಿಗೆ ಪುಡಿ, ಚೂರು ಎಣ್ಣೆಯ ಮುದ್ದೆಯನ್ನೇ. ಟೊಳ್ಳು ಬಳೆ, ಗುಂಡು, ಜುಮುಕಿಗಳೊಳಗೆ ಅರಗು ತುಂಬಿದರೆ ತೆಳ್ಳನೆಯ ಚಿನ್ನ ನೆಗ್ಗುವುದಿಲ್ಲ. ಚಿಂತಾಮಣಿಯ ಹಳೆಯ ಪೇಟೆಯಲ್ಲಿ ಕೂತ ಅಕ್ಕಸಾಲಿಗರೊಬ್ಬರನ್ನು ಕೇಳಿದಾಗ ಅವರು ನಕ್ಕು, “ಚಿನ್ನದ ಲೆಕ್ಕ ಎಲ್ಲರೂ ಕೇಳ್ತಾರೆ ಮೇಷ್ಟ್ರೇ, ಅರಗಿನ ಲೆಕ್ಕ ಮಾರೋವಾಗ ಮಾತ್ರ ಗೊತ್ತಾಗೋದು” ಎಂದರು. ಮಗಳ ಮದುವೆಗೆ ಕೊಂಡ ಒಡವೆಯನ್ನು ಬರಗಾಲದಲ್ಲಿ ಅಡವಿಡಲು ಹೋದ ಎಷ್ಟು ಸಂಸಾರಗಳು, ಕುಲುಮೆಯ ಮುಂದೆ ಒಡವೆಯಿಂದ ಕರಗಿ ಸುರಿದ ಅರಗನ್ನು ಕಂಡು ಬಾಯಿ ಕಟ್ಟಿ ನಿಂತಿರಬೇಡ! ಅಂಟಿನಲ್ಲಿ ದೋಷವಿಲ್ಲ, ತೂಕ ಹೇಳಿದ ಬಾಯಲ್ಲಿತ್ತು. ಇದೇ ತಾಲ್ಲೂಕಿನ ಕೈವಾರದ ನಾರೇಯಣ ತಾತಯ್ಯನವರು ಮೊದಲು ಬಳೆ ಮಾರುತ್ತಿದ್ದವರು. ಅಂಥ ವ್ಯಾಪಾರಿಗಳೂ ಈ ನೆಲದಲ್ಲಿದ್ದರೆಂಬುದು ಸಮಾಧಾನ.

ಚನ್ನಪಟ್ಟಣದ ಬೊಂಬೆಯ ವಿಷಯ ಎಲ್ಲರಿಗೂ ತಿಳಿದದ್ದು: ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನೊತ್ತಿದರೆ ಉಜ್ಜುವ ಕಾವಿಗೇ ಅದು ಕರಗಿ ಹರಡುತ್ತದೆ. ಗ್ರಾಮಾಫೋನಿನ ಹಳೆಯ ತಟ್ಟೆಗಳೂ ಕಲ್ಲುಪುಡಿಯನ್ನು ಅರಗಿನಿಂದ ಬೆಸೆದು ಬಿಸಿಯಲ್ಲಿ ಅಚ್ಚೊತ್ತಿದವು. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿ ಆ ತಟ್ಟೆಗಳಲ್ಲಿ ಅಮರಳಾದ ಗೌಹರ್ ಜಾನ್ ಕೊನೆಗೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡಳು. ಅವಳ ಕಂಠ ಉಳಿದದ್ದು ಹುಳುವಿನ ಎಂಜಲಿನಲ್ಲಿ.

ದೀಪಕ್ಕೂ ಅರಗಿಗೂ ನಂಟು ಬಂದದ್ದು ವಿದ್ಯುತ್ ಬಲ್ಬಿನಿಂದ. ಬಲ್ಬಿನ ಗಾಜಿನ ಬುಡಕ್ಕೆ ಹಿತ್ತಾಳೆಯ ಟೋಪಿಯನ್ನು ಹಿಡಿಸಲು ಅಮೃತಶಿಲೆಯ ನುಣುಪು ಪುಡಿಗೆ ಅರಗನ್ನೂ ಕೃತಕ ರಾಳವನ್ನೂ ಬೆರೆಸಿದ ಗಾರೆಯನ್ನು ಜಗತ್ತಿನ ಕಾರ್ಖಾನೆಗಳು ಬಳಸಿದವು. ಕುಡುಗೋಲಿನ ಹಿಡಿಯ ಸೂತ್ರವೇ. ಇಟ್ಟಿಗೆಯ ಬದಲು ಅಮೃತಶಿಲೆ. ಇಲ್ಲಿ ಒಂದು ಹೆಜ್ಜೆ ಮುಂದೆ ಹೋದರು: ಬಿಸಿಯಲ್ಲಿ ಆ ಗಾರೆ ಒಮ್ಮೆ ಕರಗಿ, ಅಲ್ಲೇ ಬೆಂದು, ಮತ್ತೆ ಕರಗದಂತಾಗುತ್ತಿತ್ತು. ನಮ್ಮ ಅಟೆಂಡರು ದೋಷವೆಂದು ಬಿಟ್ಟ ‘ಸುಟ್ಟ ಅರಗು’ ಇಲ್ಲಿ ಗುಣವಾಯಿತು. ಉರಿಯುವ ಬಲ್ಬಿನ ಕಾವಿಗೆ ಟೋಪಿ ಕಳಚಬಾರದಲ್ಲ.

ಮೋಟಾರಿನ ಹೆಡ್‌ಲೈಟಿನ ಕಷ್ಟ ಇದಕ್ಕಿಂತ ದೊಡ್ಡದು. ಮೊದಲ ಕಾರುಗಳಲ್ಲಿ ಕಾರ್ಬೈಡಿಗೆ ನೀರು ತೊಟ್ಟಿಕ್ಕಿಸಿ ಅನಿಲ ಉರಿಸುವ ಹಿತ್ತಾಳೆ ದೀಪಗಳಿದ್ದವು. ವಿದ್ಯುತ್ತು ಬಂದ ಮೇಲೆ ಗಾಜು, ಕನ್ನಡಿ, ನಡುವೆ ರಬ್ಬರಿನ ಪಟ್ಟಿ, ಮೇಲೊಂದು ಬಳೆ. ಧೂಳು ತೇವ ಒಳಹೊಕ್ಕು ಕನ್ನಡಿ ಮಂಕಾಗುತ್ತಿತ್ತು. ಮಂಕುದೀಪವೆಂದರೆ ರಾತ್ರಿಯ ರಸ್ತೆಯಲ್ಲಿ ಜೀವದ ಪ್ರಶ್ನೆ. ಅದಕ್ಕಾಗಿ ಅಮೆರಿಕೆಯಲ್ಲಿ 1940ರ ಹೊತ್ತಿಗೆ ಗಾಜಿಗೆ ಗಾಜನ್ನೇ ಬೆಸೆದ ‘ಸೀಲ್ಡ್ ಬೀಮ್’ ದೀಪ ಕಡ್ಡಾಯವಾಯಿತು. ತಂತಿ ಸುಟ್ಟರೆ ಇಡೀ ದೀಪವನ್ನೇ ಎಸೆಯಬೇಕು. 1980ರ ದಶಕದ ನಡುವಿನಿಂದ ಬಲ್ಬನ್ನು ಮಾತ್ರ ಬದಲಾಯಿಸುವ, ಪಾಲಿಕಾರ್ಬನೇಟ್ ಎಂಬ ಪ್ಲಾಸ್ಟಿಕ್ ಮುಂಗಾಜಿನ ಹಗುರ ದೀಪಗಳು ಬಂದವು. ಪ್ಲಾಸ್ಟಿಕ್ಕನ್ನು ಪ್ಲಾಸ್ಟಿಕ್ಕಿಗೆ ಹಿಡಿಸಬೇಕು. ಮುಂಗಾಜು ಒಂದು ಜಾತಿ, ಹಿಂಬುರುಡೆ ಇನ್ನೊಂದು ಜಾತಿ. ಕಾವಿಗೆ ಇದು ಹಿಗ್ಗಿದಷ್ಟು ಅದು ಹಿಗ್ಗದು. ಅಂಟು ಬಿರುಸಾದರೆ ಸೀಳುತ್ತದೆ, ಮೆತ್ತಗಾದರೆ ಜಾರುತ್ತದೆ. ಮಳೆ, ಧೂಳು, ರಸ್ತೆಯ ಹಳ್ಳ, ಇಂಜಿನ್ನಿನ ಕಾವು. ಹ್ಯಾಲೊಜೆನ್ ಬಲ್ಬಿನ ಬಳಿಯ ಶಾಖ ಕುದಿನೀರನ್ನು ಮೀರಿಸೀತು. ನಮ್ಮ ಅರಗು ಅಲ್ಲಿ ಅರೆಗಳಿಗೆ ನಿಲ್ಲದು. ಸಾಲದ್ದಕ್ಕೆ ಹಿಂಬುರುಡೆಯ ಪಾಲಿಪ್ರೊಪಿಲೀನ್ ಯಾವ ಅಂಟಿಗೂ ಸುಲಭವಾಗಿ ಒಲಿಯುವುದಿಲ್ಲ. ಅದರ ಅಂಚಿಗೆ ಮೊದಲು ಜ್ವಾಲೆಯನ್ನೋ ಪ್ಲಾಸ್ಮಾವನ್ನೋ ಸೋಕಿಸಿ ‘ಬಾಯಿ ಬಿಡಿಸಿದ’ ಮೇಲೆಯೇ ಅಂಟು ಕಚ್ಚುತ್ತದೆ.

ಈಗ ಬಳಕೆಯಲ್ಲಿರುವ ಬಿಸಿಯಂಟುಗಳಲ್ಲಿ ಮುಖ್ಯವಾದವು ಎರಡು ಬಗೆ. ಒಂದು, ಬ್ಯುಟೈಲ್ ರಬ್ಬರಿನದು. ಕಾಯಿಸಿದರೆ ಮೆತ್ತಗಾಗುತ್ತದೆ, ಆರಿದರೂ ಚೂಯಿಂಗ್ ಗಮ್ಮಿನಂತೆ ಎಳೆಯುತ್ತದೆ, ತೇವವನ್ನು ಬಿಡುವುದಿಲ್ಲ. ಇನ್ನೊಂದು, ಪಾಲಿಯುರೆಥೇನಿನದು. ಅದನ್ನು ಬಿಸಿಯಾಗಿ ಹಾಕುತ್ತಾರೆ. ಆರಿ ಹಿಡಿದ ಮೇಲೆ ಗಾಳಿಯ ತೇವವನ್ನು ಹೀರಿ ಒಳಗೊಳಗೇ ಹೆಣೆದುಕೊಳ್ಳುತ್ತದೆ. ಆಮೇಲೆ ಯಾವ ಬೆಂಕಿಗೂ ಕರಗದು. ಚಿಕ್ಕಬಳ್ಳಾಪುರದ ಹೆದ್ದಾರಿಯ ಮಗ್ಗುಲಿನ ಗ್ಯಾರೇಜಿನಲ್ಲಿ ಮಂಕಾದ ಹೆಡ್‌ಲೈಟನ್ನು ಬಿಚ್ಚುತ್ತಿದ್ದ ಹುಡುಗ ಇದನ್ನೇ ತನ್ನ ಮಾತಿನಲ್ಲಿ ಹೇಳಿದ: “ಕೆಲವು ಗಾಡಿದು ಬಿಸಿಗಾಳಿ ತೋರಿಸಿದರೆ ದಾರ ಬಂದಂಗೆ ಬಂದ್ಬಿಡುತ್ತೆ ಸಾರ್. ಕೆಲವುದು ಏನು ಮಾಡಿದರೂ ಬಿಡಲ್ಲ, ಒಡೀಬೇಕಷ್ಟೆ.” ಬಿಚ್ಚಬಹುದಾದ ಅಂಟು ಒಳ್ಳೆಯದೋ ಬಿಚ್ಚಲಾಗದ ಅಂಟು ಒಳ್ಳೆಯದೋ? ಕಾರ್ಖಾನೆಯವನಿಗೆ ಎರಡನೆಯದು. ಗ್ಯಾರೇಜಿನ ಹುಡುಗನಿಗೆ, ಸಾಲ ಮಾಡಿ ಟೆಂಪೋ ಕೊಂಡವನಿಗೆ, ಮೊದಲನೆಯದು. ನನ್ನ ಒಲವು ಹುಡುಗನ ಕಡೆಗೆ. ದುರಸ್ತಿಗೆ ಎಡೆಯಿಲ್ಲದ ಬಾಳಿಕೆಯನ್ನು ಬಾಳಿಕೆಯೆನ್ನಲು ನನಗೆ ಮನಸ್ಸಾಗದು.

ಹುಳುವಿನ ಅರಗು ಹಿಂದೆ ಸರಿದದ್ದು ಇಂಥ ಕೃತಕ ವಸ್ತುಗಳಿಂದ. ಎರಡನೆಯ ಮಹಾಯುದ್ಧದ ನಂತರ ಗ್ರಾಮಾಫೋನ್ ತಟ್ಟೆ ವಿನೈಲಿಗೆ ತಿರುಗಿತು, ವಾರ್ನಿಷೂ ತಿರುಗಿತು. ಅರಗಿಗೆ ಬೆಲೆಯಿಲ್ಲದಾದಾಗ ಜಾಲಾರಿಗೂ ಬೆಲೆಯಿಲ್ಲ. ಕೋಲಾರ ಜಿಲ್ಲೆಯಲ್ಲಿ (2007ರವರೆಗೆ ಚಿಕ್ಕಬಳ್ಳಾಪುರವೂ ಅದರೊಳಗೇ ಇತ್ತು) 1980ರ ದಶಕದಲ್ಲಿ ಸಾಮಾಜಿಕ ಅರಣ್ಯವೆಂಬ ಹೆಸರಿನಲ್ಲಿ ಗುಡ್ಡಬಯಲುಗಳ ಮೇಲೆಲ್ಲ ನೀಲಗಿರಿ ಎದ್ದಿತು. ನೀಲಗಿರಿಯ ಹೊಸ ನೆಡುತೋಪುಗಳನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ಅಷ್ಟರಲ್ಲಿ ಕುರುಚಲು ಕಾಡಿನ ಎಷ್ಟೋ ಜಾಲಾರಿ ಸೌದೆಯಾಗಿತ್ತು. ಕೊಂಬೆಯ ಮೇಲಿನ ಹುಳುವನ್ನು ಹೊಸ ಮರಕ್ಕೆ ಕಟ್ಟುವ ಹದ, ಯಾವ ತಿಂಗಳು ಬಿಡಿಸಬೇಕೆಂಬ ಲೆಕ್ಕ, ಇವನ್ನು ಬಲ್ಲ ಮುದುಕರು ಹೋಗಿದ್ದರು. ಈ ತಿಳಿವಳಿಕೆ ಪುಸ್ತಕದಲ್ಲಿಲ್ಲ. ಅದನ್ನು ಹೇಳಿಕೊಳ್ಳಲು ಜಾಲಾರಿಯ ನೆರಳಿರುವ ಊರು ಬೇಕು, ಕೇಳುವ ಮಗ ಬೇಕು.

ಆದರೆ ಹುಳುವಿನ ಅಂಟನ್ನು ಬಿಸಿಯಲ್ಲಿ ಸಡಿಲಿಸಿ ಮತ್ತೆ ಹಿಡಿಸುವ ವಿದ್ಯೆ ನಮ್ಮ ಸೀಮೆಯಿಂದ ಪೂರ್ತಿ ಹೋಗಿಲ್ಲ. ಶಿಡ್ಲಘಟ್ಟಕ್ಕೆ ಹೋಗಿ ನೋಡಿ. ದೇಶದ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆಗಳಲ್ಲೊಂದು ಅಲ್ಲಿದೆ. ಕೇರಿಕೇರಿಯಲ್ಲಿ ನೂಲು ಬಿಚ್ಚುವ ಚರಕ, ಬೇಸಿನ್ನುಗಳಿವೆ. ರೇಷ್ಮೆಯ ಎಳೆ ಎಂದರೆ ಎರಡು ನವಿರು ತಂತುಗಳು. ಅವನ್ನು ಒಂದಕ್ಕೊಂದು, ಸುತ್ತಿನಿಂದ ಸುತ್ತಿಗೆ, ಅಂಟಿಸಿರುವುದು ಸೆರಿಸಿನ್ ಎಂಬ ಅಂಟು. ಎಳೆಯ ತೂಕದಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಅದೇ. ಅರಗಿನಂತೆ ಒಣ ಬೆಂಕಿಗೆ ಇದು ಕರಗದು, ಬಿಸಿನೀರೇ ಬೇಕು. ಕುದಿಯುವ ನೀರಲ್ಲಿ ಗೂಡು ಬೆಂದಾಗ ಅಂಟು ಸಡಿಲವಾಗುತ್ತದೆ. ಎಂಟು ಹತ್ತು ಗೂಡುಗಳ ಎಳೆಗಳನ್ನು ಕೂಡಿಸಿ ಮೇಲಕ್ಕೆಳೆದರೆ, ರಾಟೆಗೆ ಮುಟ್ಟುವಷ್ಟರಲ್ಲಿ ಅದೇ ಅಂಟು ಆರಿ ಎಲ್ಲವನ್ನೂ ಒಂದೇ ನೂಲಾಗಿ ಹಿಡಿಯುತ್ತದೆ. ಬೇಯಿಸುವುದು ಕಡಿಮೆಯಾದರೆ ಎಳೆ ತುಂಡಾಗುತ್ತದೆ. ಹೆಚ್ಚಾದರೆ ಅಂಟು ತೊಳೆದುಹೋಗಿ ನೂಲು ಬಿಡಿಬಿಡಿಯಾಗುತ್ತದೆ. ನೂಲು ತೇವದಲ್ಲೇ ರಾಟೆಯ ರೆಕ್ಕೆಗಳ ಮೇಲೆ ಕೂತರೆ ಅಲ್ಲಲ್ಲಿ ಗಟ್ಟಿ ಗಂಟು ಕಟ್ಟುತ್ತದೆಂದು ಮತ್ತೊಮ್ಮೆ ಸುತ್ತುತ್ತಾರೆ. ಅಲ್ಲಿ ಶಾಖಮಾಪಕವನ್ನು ನಾನು ಕಾಣಲಿಲ್ಲ. ಹಬೆಯ ನಡುವೆ ಕೂತ ಹೆಂಗಸೊಬ್ಬಳು ನೀರಿನ ಬಣ್ಣವನ್ನೂ ಗೂಡಿನ ಮೈಯನ್ನೂ ನೋಡಿ ಹದ ಹೇಳುತ್ತಿದ್ದಳು. ಇಡೀ ದಿನ ಬಿಸಿನೀರಲ್ಲಿ ನೆನೆದ ಅವಳ ಬೆರಳುಗಳ ತುದಿ ಬಿಳಿಚಿ ಸುಕ್ಕುಗಟ್ಟಿದ್ದವು. “ಎಷ್ಟು ವರ್ಷದಿಂದ ಈ ಕೆಲಸ ತಾಯಿ?” ಎಂದು ಕೇಳಿದೆ. “ಮದುವೆ ಆದಾಗ್ಲಿಂದ ಅಣ್ಣಾ” ಎಂದಳು, ಎಳೆಯಿಂದ ಕಣ್ಣು ತೆಗೆಯದೆ. ಸಂಜೆ ಬೇಸಿನ್ನಿನ ಕಂದು ನೀರನ್ನು ಚರಂಡಿಗೆ ಬಿಟ್ಟರು. ಕರಗಿದ ಅಂಟಿನ ಒಂದಂಶವೂ ಅದರೊಂದಿಗೆ ಹೋಯಿತು.